ಬೆಳ್ಳಿಯ ಲೆಕ್ಕ

ಕಾರಂತರ 'ಚೋಮನ ದುಡಿ'ಯನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದದ್ದು ಧಣಿಯ ಮೇಲಲ್ಲ, ಬೆಳ್ಳಿಯ ಮೇಲೆ. ದೊಡ್ಡ ಗಂಡುಮಕ್ಕಳಿಬ್ಬರಲ್ಲಿ ಚನಿಯ ಘಟ್ಟದ ಜ್ವರಕ್ಕೆ ಬಲಿಯಾದ. ಗುರುವ ಕ್ರೈಸ್ತ ಹುಡುಗಿಯನ್ನು ಕಟ್ಟಿಕೊಂಡು ಅಲ್ಲೇ ಉಳಿದ. ಇನ್ನು ಮುದುಕನಿಗೆ ದಿಕ್ಕು ಎಂದರೆ ಮಗಳು. ಆಕೆಯೂ ತೋಟದ ರೈಟರ್ ಮನ್ವೇಲನಿಗೆ ಒಲಿಯಬಹುದೆ? ಕಾಲೇಜಿನಲ್ಲಿದ್ದ ನನಗೆ ಅದು ದೊಡ್ಡ ದ್ರೋಹವಾಗಿ ಕಂಡಿತ್ತು.

ಆ ಸಿಟ್ಟಿನಲ್ಲೇ ನಾನೊಂದು ಕಥೆ ಬರೆದೆ. ನಮ್ಮೂರಿನ ಹೆಂಗಸೊಬ್ಬಳು ಘಟ್ಟದ ತೋಟಕ್ಕೆ ಹೋಗಿ, ಎರಡು ವರ್ಷದ ಮೇಲೆ ಕೂಸಿನೊಂದಿಗೆ ಹಿಂತಿರುಗಿದ್ದಳು. ಅವಳನ್ನು ಯಾರೂ ಅಂಗಳಕ್ಕೆ ಕರೆಯುತ್ತಿರಲಿಲ್ಲ. ನನ್ನ ಕಥೆಯಲ್ಲಿ ಅವಳು ಕೊನೆಗೆ ಬಾವಿಗೆ ಹಾರಿದಳು. ಊರಿನ ಓದುಬಲ್ಲ ಹಿರಿಯರೆಲ್ಲ ಮೆಚ್ಚಿದರು. ನನಗೆ ಅನುಮಾನ ಬರಬೇಕಾಗಿದ್ದದ್ದು ಆಗಲೇ.

ಎಷ್ಟೋ ವರ್ಷ ಕಳೆದು, ಎರಡು ಕಾದಂಬರಿ ಬರೆದ ಮೇಲೆ, ಮತ್ತೆ ಆ ಪುಸ್ತಕ ತೆರೆದೆ. 1933ರಲ್ಲಿ ಬಂದ ಸಣ್ಣ ಕಾದಂಬರಿ. ಒಂದು ಸಂಜೆಗೆ ಮುಗಿಯುತ್ತದೆ. ಈ ಸಲ ಕಣ್ಣಿಗೆ ಬಿದ್ದದ್ದು ತೋಟದ ಸಾಲ. ಅದನ್ನು ತೀರಿಸಲೆಂದೇ ಗಂಡುಮಕ್ಕಳು ಘಟ್ಟ ಹತ್ತಿದ್ದು, ಅವರಿಂದಾಗದೆ ಹೋದಾಗ ಬೆಳ್ಳಿ ಹತ್ತಿದ್ದು. ಅವಳು ಮರಳಿ ಬಂದು ಸಾಲ ಹರಿಯಿತೆಂದಾಗ ಚೋಮನಿಗೆ ನಿರಾಳ. ಓದುವ ನನಗೂ ನಿರಾಳವೇ. ಇಷ್ಟು ಬೇಗ ಅದು ಹೇಗೆ ಹರಿಯಿತು ಎಂದು ಅವನೂ ಕೆದಕಲಿಲ್ಲ, ನಾನೂ ಕೆದಕಲಿಲ್ಲ. ಲೆಕ್ಕ ಚುಕ್ತಾ ಆಗುವಾಗ ಸುಮ್ಮನಿದ್ದವರು, ಅದರ ಬೆಲೆ ಎದುರಿಗೆ ಬಂದು ನಿಂತಾಗ ಮಾತ್ರ ಉರಿದುಬಿದ್ದೆವು. ಚೋಮನಿಗಾದರೂ ಬಡತನದ ನೆಪವಿತ್ತು.

ಕಾರಂತರು ಮಾತ್ರ ಉರಿದುಬೀಳುವುದಿಲ್ಲ. ಬೆಳ್ಳಿಯ ಮೇಲಿನ ತೀರ್ಪು ಚೋಮನದು, ಕಾದಂಬರಿಕಾರನದಲ್ಲ. ಬದುಕಿನಲ್ಲಿ ಮುಲಾಜಿಲ್ಲದೆ ಖಂಡಿಸುತ್ತಿದ್ದ ಮನುಷ್ಯ ಕಥೆಯೊಳಗೆ ಇಷ್ಟು ತಡೆದು ನಿಂತದ್ದು ನನಗೆ ಈಗಲೂ ಸೋಜಿಗ. ಧಣಿ ಸಂಕಪ್ಪಯ್ಯನನ್ನೇ ನೋಡಿ. ಅವನನ್ನು ರಾಕ್ಷಸನನ್ನಾಗಿ ಮಾಡುವುದು ಎಷ್ಟು ಸುಲಭವಿತ್ತು! ಅವನೋ ಒಂದಿಷ್ಟು ಭೂಮಿ ಕೊಡಲು ಮನಸ್ಸು ಮಾಡಿದವನು. ಹೊಲೆಯ ಬೇಸಾಯಗಾರನಾಗುವುದೆಂದರೇನು ಎಂದು ತಾಯಿ ಅಡ್ಡ ಬಂದಾಗ ಮೆತ್ತಗಾಗುತ್ತಾನೆ. ಕೇಡಿಗನಾಗಿದ್ದರೆ ಅವನನ್ನು ಬೈದು ಪುಸ್ತಕ ಮುಚ್ಚಬಹುದಿತ್ತು. ಮೆತ್ತನೆಯ ಮನುಷ್ಯನಾದ್ದರಿಂದ ನಮ್ಮನೆಯ ಜಗಲಿಯ ಮೇಲೆ ಕೂತವರ ನೆನಪಾಗುತ್ತದೆ.

ತಕರಾರುಗಳಿಲ್ಲವೆಂದಲ್ಲ. ಕಾರಂತರು ಹೊರಗಿನವರು, ಕೋಟದ ಬ್ರಾಹ್ಮಣರು. ಕೇರಿಯನ್ನು ಅವರು ಮರುಕದಿಂದ ನೋಡಿದರೇ ಹೊರತು ಕೇರಿಯೊಳಗಿಂದ ನೋಡಲಿಲ್ಲ, ಅವರ ಚೋಮ ಕುಸಿಯುತ್ತಾನೆಯೇ ಹೊರತು ತಿರುಗಿ ನಿಲ್ಲುವುದಿಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಭಾಷೆಯ ಮಾತನ್ನೂ ಎತ್ತಬೇಕು. ಆ ಸೀಮೆಯ ಚೋಮ ಮನೆಯಲ್ಲಿ ಆಡಬೇಕಾದದ್ದು ತುಳು. ಪುಸ್ತಕದಲ್ಲಿ ಅವನು ಕನ್ನಡ ಆಡುತ್ತಾನೆ. ಅಂದರೆ ಅವನ ಬಾಯಿಗೆ ಬಂದ ಪ್ರತಿ ಮಾತೂ ಇನ್ನೊಬ್ಬರು ಕೊಟ್ಟದ್ದು. ಇದು ಲೇಖಕರಿಗೆ ಗೊತ್ತಿತ್ತೆಂದೇ ನನ್ನ ಊಹೆ. ಅದಕ್ಕೇ ಇರಬೇಕು, ಎದೆ ಒಡೆಯುವ ಹೊತ್ತುಗಳಲ್ಲೆಲ್ಲ ಚೋಮ ಮಾತಾಡುವುದಿಲ್ಲ, ಗೋಡೆಯ ದುಡಿಗೆ ಕೈ ಹಾಕುತ್ತಾನೆ. ದುಡಿ ಏನು ಹೇಳಿತೆಂದು ಕಾರಂತರು ನಮಗೆ ಅರ್ಥ ಬಿಡಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ. ತಾನು ಹೊರಗಿನವನೆಂದು ಬಲ್ಲ ಕಥೆಗಾರ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿದ್ದಾನೆ. (1975ರ ಬಿ. ವಿ. ಕಾರಂತರ ಚಿತ್ರದಲ್ಲಿ ಎಂ. ವಿ. ವಾಸುದೇವರಾವ್ ದುಡಿ ಬಡಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.)

ನನಗೆ ಆ ಹದ ಇರಲಿಲ್ಲ. ನನ್ನ ಕಥೆಯ ಹೆಂಗಸು ಯಾವ ಬಾವಿಗೂ ಹಾರಲಿಲ್ಲ. ಬೀಡಿ ಕಟ್ಟಿ ಮಗನನ್ನು ಸಾಕಿದಳು. ಮುಪ್ಪಿನಲ್ಲಿ ಒಮ್ಮೆ, "ನನ್ನ ಬಗ್ಗೆ ಏನೋ ಬರೆದಿದ್ದೀಯಂತಲ್ಲ, ಓದಿ ಹೇಳು ಮಗಾ" ಎಂದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಬೀಡಿಯ ಮೊರದ ಎದುರು ಕೂತು ಓದಿದೆ. ಅವಳು ಬಸ್ಸಿನಿಂದ ಇಳಿಯುವಲ್ಲಿಗೆ ನಿಲ್ಲಿಸಿ ಪುಸ್ತಕ ಮುಚ್ಚಿದೆ.

ನೂಲು ಸುತ್ತುತ್ತಿದ್ದ ಕೈ ಹಾಗೇ ನಿಂತಿತು. "ಮತ್ತೆ?" ಎಂದಳು.