ನೆಲದ ಲೆಕ್ಕ, ದಾರಿಯ ಲೆಕ್ಕ: ರಾಜಧಾನಿ ಪ್ರದೇಶದ ಯೋಜನೆಗಳ ಒಂದು ವಿಮರ್ಶೆ

ನಗರಯೋಜನೆಯ ಗ್ರಂಥಗಳನ್ನು ವಿಮರ್ಶಕನ ದೃಷ್ಟಿಯಿಂದ ಓದುವ ರೂಢಿ ನಮ್ಮಲ್ಲಿ ಕಡಮೆ. ಅವು ಕಚೇರಿಯ ಕಡತಗಳಲ್ಲಿ ಹುಟ್ಟಿ, ನ್ಯಾಯಾಲಯದ ವ್ಯಾಜ್ಯಗಳಲ್ಲಿ ಉಲ್ಲೇಖಗೊಂಡು, ಕಡೆಗೆ ಗ್ರಂಥಾಲಯದ ಕಪಾಟಿನಲ್ಲಿ ವಿಶ್ರಮಿಸತಕ್ಕವು ಎಂದು ಭಾವಿಸಿದ್ದೇವೆ. ಆದರೆ ಕೋಟ್ಯಂತರ ಜನರು ಎಲ್ಲಿ ವಾಸಿಸಬೇಕು, ಎಲ್ಲಿ ದುಡಿಯಬೇಕು, ಇವೆರಡರ ನಡುವೆ ಪ್ರತಿದಿನ ಎಷ್ಟು ಹೊತ್ತು ಕಳೆಯಬೇಕು ಎಂಬುದನ್ನು ನಿರ್ಧರಿಸಹೊರಟ ಬರಹಕ್ಕೆ ವಿಮರ್ಶೆಯಿಂದ ವಿನಾಯಿತಿ ದೊರೆಯಬಾರದು. ದೆಹಲಿ ಹಾಗೂ ಅದರ ಸುತ್ತಣ ಪ್ರದೇಶಕ್ಕಾಗಿ 1962 ರಿಂದೀಚೆಗೆ ಬಂದ ಮುಖ್ಯ ಯೋಜನೆಗಳ ಹಿಂದೆ ಎಷ್ಟು ತಿಳಿವಳಿಕೆಯಿತ್ತು, ಇನ್ನು ಯಾವ ಸಂಶೋಧನೆ ನಡೆಯಬೇಕಾಗಿದೆ ಎಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇನೆ.

ನಾನು ಯೋಜನಾಶಾಸ್ತ್ರದಲ್ಲಿ ಪರಿಣತನಲ್ಲ. ಬ್ಯಾಂಕಿನ ಮೇಜಿನ ಮುಂದೆ ಕುಳಿತು ಗೃಹಸಾಲದ ಅರ್ಜಿಗಳನ್ನು ನೋಡುವುದು ನನ್ನ ವೃತ್ತಿ. ಕೆಲವು ವರ್ಷಗಳ ಹಿಂದೆ ಮಧ್ಯ ದೆಹಲಿಯ ಕಚೇರಿಯೊಂದರ ಗುಮಾಸ್ತರೊಬ್ಬರು ಗಾಜಿಯಾಬಾದಿನ ಹೊರವಲಯದಲ್ಲಿ ಮನೆ ಕೊಳ್ಳಲು ಸಾಲ ಕೇಳಿ ಬಂದರು. ಸಂಬಳ, ಹಕ್ಕುಪತ್ರ, ಮಾಸಿಕ ಕಂತು ಎಲ್ಲವೂ ನಿಯಮಕ್ಕೆ ಸರಿಹೊಂದಿದವು, ಸಾಲ ಮಂಜೂರಾಯಿತು. ಎರಡು ವರ್ಷಗಳ ತರುವಾಯ ಅವರು ಮತ್ತೆ ಬಂದಾಗ, ಮನೆಯನ್ನು ಬಾಡಿಗೆಗೆ ಕೊಟ್ಟು ತಾವು ಕಚೇರಿಯ ಹತ್ತಿರ ಒಂದು ಕೋಣೆ ಹಿಡಿದಿರುವುದಾಗಿ ತಿಳಿಸಿದರು. ಮನೆ ಅಗ್ಗವಾಯಿತು, ದಾರಿ ತುಟ್ಟಿಯಾಯಿತು ಎಂಬುದು ಅವರ ಮಾತಿನ ಸಾರ. ನಾನು ಪರಿಶೀಲಿಸಿದ ಅರ್ಜಿಯಲ್ಲಿ ಮನೆಗೂ ಕೆಲಸಕ್ಕೂ ಇರುವ ದೂರವನ್ನು ಕೇಳುವ ಅಂಕಣವೇ ಇರಲಿಲ್ಲ. ನೆಲದ ಲೆಕ್ಕ ಒಂದು ಪುಸ್ತಕದಲ್ಲಿ, ದಾರಿಯ ಲೆಕ್ಕ ಇನ್ನೊಂದರಲ್ಲಿ. ಎರಡನ್ನೂ ತಾಳೆ ನೋಡುವವರಿಲ್ಲ. ನಮ್ಮ ಪ್ರಾದೇಶಿಕ ಯೋಜನೆಗಳ ಮೂಲದೋಷವೂ ಇದೇ ಎಂಬುದು ನನ್ನ ವಾದ.

1

ದೇಶವಿಭಜನೆಯ ಬಳಿಕ ನಿರಾಶ್ರಿತರ ಮಹಾಪ್ರವಾಹವನ್ನು ಕಂಡ ದೆಹಲಿಯಲ್ಲಿ 1951 ರ ಗಣತಿಯ ಕಾಲಕ್ಕೆ ಸುಮಾರು 17 ಲಕ್ಷ ಜನರಿದ್ದರು. 1957 ರ ಅಧಿನಿಯಮದಿಂದ ದೆಹಲಿ ಅಭಿವೃದ್ಧಿ ಪ್ರಾಧಿಕಾರವು ಸ್ಥಾಪಿತವಾಯಿತು. ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಬಂದ, ಆಲ್ಬರ್ಟ್ ಮೇಯರ್ ಅವರು ಮುಂದಾಳಾಗಿದ್ದ ತಜ್ಞರ ತಂಡದ ಸಹಾಯವನ್ನು ಪಡೆದು ರಚಿತವಾದ ಮಹಾಯೋಜನೆಯು 1962 ರ ಸೆಪ್ಟೆಂಬರ್ 1 ರಂದು ಜಾರಿಗೆ ಬಂದಿತು. ಇದರ ಒಂದು ಗುಣವನ್ನು ಮೊದಲೇ ಒಪ್ಪಿಕೊಳ್ಳಬೇಕು. ದೆಹಲಿಯನ್ನು ಅದರ ಪ್ರದೇಶದಿಂದ ಬೇರ್ಪಡಿಸಿ ನೋಡುವುದು ಸಲ್ಲದೆಂದು ಅದು ಕಂಡುಕೊಂಡಿತ್ತು. ಗಾಜಿಯಾಬಾದ್, ಫರೀದಾಬಾದ್, ಗುಡಗಾಂವ್, ಬಹಾದುರಗಢ, ಲೋನಿ ಮೊದಲಾದವನ್ನು ವರ್ತುಲ ಪಟ್ಟಣಗಳೆಂದು ಗುರುತಿಸಿ, ರಾಜಧಾನಿಯ ಭಾರವನ್ನು ಅವು ಹಂಚಿಕೊಳ್ಳಬೇಕೆಂದು ಹೇಳಿತು.

ಆದರೆ ಈ ಪಟ್ಟಣಗಳು ಅಂದು ಉತ್ತರ ಪ್ರದೇಶ ಹಾಗೂ ಪಂಜಾಬಿನ ಆಡಳಿತಕ್ಕೆ ಸೇರಿದ್ದವು. 1966 ರಲ್ಲಿ ಹರಿಯಾಣವು ಬೇರೆ ರಾಜ್ಯವಾಯಿತು. ಯೋಜಕನ ಲೇಖನಿ ಗಡಿಯನ್ನು ದಾಟಿದರೂ ಪ್ರಾಧಿಕಾರದ ಅಧಿಕಾರವು ದಾಟಲಿಲ್ಲ. ಗಡಿಯಾಚೆಯ ನೆಲ ಒಂದು ಸರ್ಕಾರದ್ದು, ಬಸ್ಸು ಇನ್ನೊಂದರದ್ದು, ರೈಲು ಮೂರನೆಯದರದ್ದು.

ಈ ಕೊರತೆಯನ್ನು ತುಂಬಲೆಂದೇ 1985 ರಲ್ಲಿ ಸಂಸತ್ತು ರಾಷ್ಟ್ರ ರಾಜಧಾನಿ ಪ್ರದೇಶ ಯೋಜನಾ ಮಂಡಳಿಯನ್ನು ರಚಿಸುವ ಅಧಿನಿಯಮವನ್ನು ಅಂಗೀಕರಿಸಿತು. ಮಂಡಳಿಯ ಮೊದಲ ಪ್ರಾದೇಶಿಕ ಯೋಜನೆ 1989 ರಲ್ಲಿ ಜಾರಿಗೆ ಬಂದಿತು. 2001 ರ ಹೊತ್ತಿಗೆ ದೆಹಲಿಯ ಜನಸಂಖ್ಯೆ 132 ಲಕ್ಷವಾಗಬಹುದೆಂದೂ, ಅದನ್ನು 112 ಲಕ್ಷಕ್ಕೆ ತಡೆದು ಉಳಿದ 20 ಲಕ್ಷವನ್ನು ಪ್ರದೇಶಕ್ಕೆ ತಿರುಗಿಸಬೇಕೆಂದೂ ಅದರ ಸಂಕಲ್ಪ. ಮೇರಠ, ಹಾಪುಡ, ಪಾಣಿಪತ್, ರೋಹತಕ್, ಪಲ್ವಲ್, ಆಳ್ವಾರ್ ಮುಂತಾದವು ಆದ್ಯತೆಯ ಪಟ್ಟಣಗಳೆನಿಸಿದವು. ದೆಹಲಿಗೆ ಅಂಟಿಕೊಂಡಿರುವ ಪಟ್ಟಣಗಳ ಬೆಳವಣಿಗೆ ಮಿತವಾಗಿರಬೇಕೆಂದಾಯಿತು. ಫಲವೇನು? 2001 ರ ಗಣತಿಯು ದೆಹಲಿಯಲ್ಲಿ 138 ಲಕ್ಷ ಜನರನ್ನು ಎಣಿಸಿತು. ಮಿತವಾಗಿರಬೇಕಾಗಿದ್ದ ಪಟ್ಟಣಗಳಲ್ಲಿ ಗಾಜಿಯಾಬಾದ್ 2011 ರ ವೇಳೆಗೆ 16 ಲಕ್ಷವನ್ನೂ ಫರೀದಾಬಾದ್ 14 ಲಕ್ಷವನ್ನೂ ದಾಟಿದವು.

ಗುರಿ ತಪ್ಪಿದ್ದಕ್ಕಾಗಿ ಯೋಜಕರನ್ನು ನಿಂದಿಸುವುದು ಸುಲಭ, ಅದರಿಂದ ಪ್ರಯೋಜನವಿಲ್ಲ. ಏಕೆ ತಪ್ಪಿತೆಂಬುದೇ ಮುಖ್ಯ. ಒಂದು ಸಂಸಾರವು ರೋಹತಕಕ್ಕೆ ಹೋಗದೆ ನೋಯಿಡಾಕ್ಕೆ ಏಕೆ ಹೋಯಿತು? ಕೆಲಸ ಅಲ್ಲಿತ್ತೇ, ಬಾಡಿಗೆ ಕಡಮೆಯಿತ್ತೇ, ದೆಹಲಿಯ ಕೆಲಸವನ್ನು ಬಿಡದೆ ನಿತ್ಯ ಓಡಾಡಲು ಸಾಧ್ಯವಿತ್ತೇ? ಯೋಜನೆಯು ಪಟ್ಟಣಕ್ಕೆ ಜನಸಂಖ್ಯೆಯನ್ನು ನಿಗದಿ ಮಾಡಿತು. ಆ ಸಂಖ್ಯೆಯ ಒಳಗಿದ್ದ ಸಂಸಾರಗಳು ತಮ್ಮ ಲೆಕ್ಕವನ್ನು ತಾವೇ ಮಾಡಿಕೊಂಡವು.

2

ನೆಲದ ಬಳಕೆಯೇ ಸಂಚಾರವನ್ನು ಹುಟ್ಟಿಸುತ್ತದೆ ಎಂಬ ತತ್ತ್ವವನ್ನು ಅಮೆರಿಕದ ಮಿಚೆಲ್ ಮತ್ತು ರ್‍ಯಾಪ್ಕಿನ್ ಎಂಬ ವಿದ್ವಾಂಸರು 1954 ರಷ್ಟು ಹಿಂದೆಯೇ ಗ್ರಂಥರೂಪದಲ್ಲಿ ಪ್ರತಿಪಾದಿಸಿದರು. ಆ ದಶಕದಲ್ಲಿಯೇ ಷಿಕಾಗೋ ನಗರಪ್ರದೇಶದಲ್ಲಿ ಮನೆಮನೆಗೆ ಹೋಗಿ, ಆ ಮನೆಯವರು ಎಲ್ಲಿಂದ ಎಲ್ಲಿಗೆ, ಯಾವ ಕಾರಣಕ್ಕೆ, ಯಾವ ವಾಹನದಲ್ಲಿ ಹೋದರೆಂದು ಕೇಳಿ ಬರೆದುಕೊಂಡು, ಅದನ್ನು ಭೂಬಳಕೆಯ ನಕ್ಷೆಗೆ ಜೋಡಿಸಿದ ಬೃಹತ್ ಸಮೀಕ್ಷೆ ನಡೆಯಿತು. ಅದರಿಂದ ಹೊರಟ ಹೆದ್ದಾರಿಗಳ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಅವಕಾಶವುಂಟು. ಎರಡು ಲೆಕ್ಕಗಳನ್ನು ಒಂದೇ ಪುಸ್ತಕದಲ್ಲಿ ಬರೆಯಬೇಕೆಂಬ ವಿಧಾನ ಮಾತ್ರ ಉಳಿದುಬಂದಿತು.

ನಮ್ಮಲ್ಲಿ ವಿದ್ವತ್ತಿನ ಅಭಾವವಿಲ್ಲ. ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ, ಯೋಜನಾ ಮತ್ತು ವಾಸ್ತುಶಿಲ್ಪ ಶಾಲೆ, ಭಾರತೀಯ ತಂತ್ರಜ್ಞಾನ ಸಂಸ್ಥೆ ಮೂರೂ ಈ ನಗರದಲ್ಲಿಯೇ ಇವೆ. ಯೋಜನಾ ಮಂಡಳಿಯೂ 2032 ನ್ನು ದೃಷ್ಟಿಯಲ್ಲಿರಿಸಿಕೊಂಡು ಸಾರಿಗೆಯ ಕಾರ್ಯಯೋಜನೆಯನ್ನು ಸಿದ್ಧಪಡಿಸಿತು. ಇಂಥ ಒಂದೊಂದು ಅಧ್ಯಯನವೂ ಒಂದು ದಿನದ ಛಾಯಾಚಿತ್ರದಂತೆ ನಿಲ್ಲುತ್ತದೆ. ಅದೇ ವಿಧಾನದಿಂದ, ಅದೇ ಎಲ್ಲೆಯೊಳಗೆ, ಹತ್ತು ವರ್ಷಕ್ಕೊಮ್ಮೆ ಮರಳಿ ತೆಗೆದ ಚಿತ್ರಗಳಿದ್ದರೆ ಮಾತ್ರ ಬದಲಾವಣೆಯ ಗತಿ ತಿಳಿದೀತು.

ಗಣತಿಯ ವಿಷಯವನ್ನೇ ನೋಡಬಹುದು. 2011 ರ ಗಣತಿಯಲ್ಲಿ, ಬೇಸಾಯ ಹಾಗೂ ಗೃಹಕೈಗಾರಿಕೆಗಳನ್ನು ಬಿಟ್ಟು ಇತರ ಕೆಲಸಗಳಲ್ಲಿರುವವರು ಕೆಲಸಕ್ಕೆ ಎಷ್ಟು ದೂರ ಹೋಗುತ್ತಾರೆ, ಹೇಗೆ ಹೋಗುತ್ತಾರೆ ಎಂಬ ಕೋಷ್ಟಕವು ಪ್ರಕಟವಾಯಿತು. ಇದು ದೊಡ್ಡ ಉಪಕಾರ. ಆದರೆ ಎಷ್ಟು ದೂರ ಎಂಬುದಕ್ಕೆ ಅಲ್ಲಿ ಉತ್ತರವಿದೆ. ಎಲ್ಲಿಗೆ ಎಂಬುದಕ್ಕೆ ಇಲ್ಲ. ಗಾಜಿಯಾಬಾದಿನಿಂದ ಹೊರಟವರು ದೆಹಲಿಗೆ ಬಂದರೋ ನೋಯಿಡಾಕ್ಕೆ ಹೋದರೋ ಆ ಕೋಷ್ಟಕದಿಂದ ತಿಳಿಯದು. ಶಾಲೆಗೆ ಹೋಗುವ ಮಗು, ಆಸ್ಪತ್ರೆಗೆ ಹೋಗುವ ಮುದುಕರು, ಸಂತೆಗೆ ಹೋಗುವ ಗೃಹಿಣಿ ಇವರಾರೂ ಅದರಲ್ಲಿ ಸೇರಿಲ್ಲ. 2021 ರಲ್ಲಿ ನಡೆಯಬೇಕಾಗಿದ್ದ ಗಣತಿ ಮುಂದೆ ಹೋಗಿ 2027 ಕ್ಕೆ ಗೊತ್ತಾಗಿರುವುದರಿಂದ, ನಡುವಣ ಹದಿನಾರು ವರ್ಷಗಳ ಲೆಕ್ಕ ಖಾಲಿಯಾಗಿದೆ. ಮೆಟ್ರೋ ರೈಲು ನೆರೆಯ ಪಟ್ಟಣಗಳೊಳಕ್ಕೆ ದೂರದೂರ ಚಾಚಿಕೊಂಡಿದ್ದೂ ಈ ವರ್ಷಗಳಲ್ಲಿಯೇ.

3

ಲೆಕ್ಕದಲ್ಲಿ ಬಿಟ್ಟುಹೋದವರಿಗೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯಲ್ಲಿಯೇ ಕಠೋರವಾದ ನಿದರ್ಶನವುಂಟು. 2004 ರಲ್ಲಿ ಯಮುನೆಯ ದಡದ ಪುಷ್ತಾ ಎಂಬಲ್ಲಿದ್ದ ಗುಡಿಸಲುಗಳನ್ನು ತೆಗೆಸಿ, ಅಲ್ಲಿದ್ದ ಸಂಸಾರಗಳಲ್ಲಿ ಅನೇಕವನ್ನು ನಗರದ ಅಂಚಿನ ಬವಾನಾ ಮೊದಲಾದ ಸ್ಥಳಗಳಿಗೆ ಕಳುಹಿಸಲಾಯಿತು. ನೆಲದ ಲೆಕ್ಕದಲ್ಲಿ ಇದು ಪುನರ್ವಸತಿ: ಒಂದು ಗುಡಿಸಲಿಗೆ ಪ್ರತಿಯಾಗಿ ಒಂದು ನಿವೇಶನ. ದಾರಿಯ ಲೆಕ್ಕದಲ್ಲಿ ಇದು ಜೀವನೋಪಾಯದ ನಷ್ಟ. ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ಕಾಲ್ನಡಿಗೆಯಲ್ಲಿ ಮರಳುತ್ತಿದ್ದ ಹೆಂಗಸಿಗೆ ಆ ಮನೆಗಳು ಈಗ ಬಸ್ಸಿನ ದಾರಿಯಾದವು. ದಿನದ ಗಳಿಕೆಯಲ್ಲಿ ಬಸ್ಸಿನ ಪಾಲನ್ನು ಕಳೆದರೆ ಉಳಿಯುವುದೆಷ್ಟು? ಅನ್ವಿತಾ ಆನಂದ್ ಮತ್ತು ಗೀತಂ ತಿವಾರಿ ಅವರು 2006 ರಲ್ಲಿ ಪ್ರಕಟಿಸಿದ ಅಧ್ಯಯನವು ದೆಹಲಿಯ ಬಡ ಸ್ತ್ರೀಯರ ವಸತಿ, ಸಂಚಾರ, ಜೀವನೋಪಾಯ ಇವು ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವ ಬಗೆಯನ್ನು ವಿಶದಪಡಿಸಿದೆ. ಇಂಥ ಸಂಶೋಧನೆ ವಿದ್ವತ್ಪತ್ರಿಕೆಯಲ್ಲಿ ನಿಲ್ಲದೆ ಯೋಜನೆಯ ಮೊದಲ ಅಧ್ಯಾಯಕ್ಕೆ ಬರಬೇಕಾದದ್ದು.

ದೊಡ್ಡ ಬಂಡವಾಳದ ಕಾಮಗಾರಿಗಳಲ್ಲಿಯೂ ತಾಳೆಯ ಅಭಾವ ಕಾಣುತ್ತದೆ. 2019 ರಲ್ಲಿ ನೋಯಿಡಾದಿಂದ ಗ್ರೇಟರ್ ನೋಯಿಡಾಕ್ಕೆ ಹೊಸ ಮೆಟ್ರೋ ಮಾರ್ಗವು ಆರಂಭವಾಯಿತು. ಅದೇ ವರ್ಷ ದೆಹಲಿ ಮೆಟ್ರೋದ ಮಾರ್ಗವೂ ಅದರ ಸಮೀಪಕ್ಕೆ ಬಂದಿತು. ಎರಡು ಸಂಸ್ಥೆಗಳ ಎರಡು ನಿಲ್ದಾಣಗಳು, 51 ಮತ್ತು 52 ನೆಯ ಸೆಕ್ಟರುಗಳಲ್ಲಿ, ಒಂದಕ್ಕೊಂದು ಕೂಡದೆ ನಿಂತವು. ಪ್ರಯಾಣಿಕರು ಒಂದರಿಂದಿಳಿದು ಬೀದಿಯಲ್ಲಿ ನಡೆದು ಇನ್ನೊಂದನ್ನು ಹತ್ತಬೇಕಾಯಿತು.

4

ಇನ್ನು ಈಗಿನ ಮುಖ್ಯ ಪ್ರಶ್ನೆಗೆ ಬರೋಣ. ದೆಹಲಿಯಿಂದ ಮೇರಠಕ್ಕೆ 82 ಕಿಲೋಮೀಟರಿನ ಕ್ಷಿಪ್ರ ಪ್ರಾದೇಶಿಕ ರೈಲುಮಾರ್ಗದ ಮೊದಲ ಭಾಗವು 2023 ರ ಅಕ್ಟೋಬರಿನಲ್ಲಿ ಸಾಹಿಬಾಬಾದ್ ಮತ್ತು ದುಹಾಯಿಗಳ ನಡುವೆ ತೆರೆಯಿತು. 2025 ರ ಜನವರಿಯಲ್ಲಿ ಅದು ದೆಹಲಿಯ ನ್ಯೂ ಅಶೋಕ ನಗರವನ್ನು ಮುಟ್ಟಿತು. ಇದರ ವೇಗವನ್ನೂ ಸೌಕರ್ಯವನ್ನೂ ಕಂಡು ಸಂತೋಷಪಡದವರಾರು? ಆದರೂ ದಾರಿಗೆ ಎರಡು ಮುಖಗಳಿವೆ. ಮೇರಠದಲ್ಲಿ ಉದ್ಯೋಗಗಳು ಬೆಳೆದು ಅದು ಸ್ವತಂತ್ರ ನಗರವಾಗುವುದಕ್ಕೆ ಈ ಮಾರ್ಗವು ಸಹಾಯಕವಾಗಬಹುದು. ಅಥವಾ ಮೇರಠದವರು ರಾತ್ರಿ ಮಲಗಲು ಮಾತ್ರ ಮನೆಗೆ ಮರಳುವಂತಾಗಿ, ದೆಹಲಿಯ ಸೆಳೆತವೇ ಇನ್ನಷ್ಟು ಪ್ರಬಲವಾಗಬಹುದು. 1989 ರ ಯೋಜನೆಯ ಆಶಯ ಮೊದಲನೆಯದು. ಯಾವುದು ನಿಜವಾಗುತ್ತದೆಂಬುದನ್ನು ತರ್ಕದಿಂದ ತೀರ್ಮಾನಿಸಲಾಗದು, ನೋಡಿಯೇ ತಿಳಿಯಬೇಕು.

2021 ರಲ್ಲಿ ಹೊರಬಂದ, 2041 ರ ದೃಷ್ಟಿಯ ಪ್ರಾದೇಶಿಕ ಯೋಜನೆಯ ಕರಡು, ಪ್ರದೇಶದ ಎಲ್ಲೆಯಿಂದ ದೆಹಲಿಗೆ 30 ನಿಮಿಷಗಳಲ್ಲಿ ತಲುಪಿಸುವ ರೈಲಿನ ಸಾಧ್ಯತೆಯನ್ನು ಪ್ರಸ್ತಾಪಿಸುತ್ತದೆ. ವಿಮರ್ಶಕನು ಇಲ್ಲಿ ಕೇಳಬೇಕಾದ ಪ್ರಶ್ನೆ: ಎಲ್ಲಿಂದ ಎಲ್ಲಿಗೆ 30 ನಿಮಿಷ? ನಿಲ್ದಾಣದಿಂದ ನಿಲ್ದಾಣಕ್ಕೋ, ಹೊಸ್ತಿಲಿನಿಂದ ಹೊಸ್ತಿಲಿಗೋ? ಮನೆಯಿಂದ ನಿಲ್ದಾಣದವರೆಗಿನ ರಿಕ್ಷಾ, ಕಾಯುವಿಕೆ, ಇಳಿದ ಮೇಲಿನ ನಡಿಗೆ ಇವು ಲೆಕ್ಕಕ್ಕೆ ಬಾರದಿದ್ದರೆ, ನಕ್ಷೆಯ ಅರ್ಧ ಗಂಟೆ ಬಾಳಿನಲ್ಲಿ ಒಂದೂವರೆ ಗಂಟೆಯಾದೀತು.

ಆದುದರಿಂದ ಅಗತ್ಯವಾದ ಸಂಶೋಧನೆಯನ್ನು ನಾಲ್ಕು ಬಗೆಯಾಗಿ ಹೇಳಬಹುದು. ಒಂದು, ರಾಜ್ಯಗಳ ಗಡಿಯನ್ನು ಲೆಕ್ಕಿಸದೆ ಇಡೀ ಪ್ರದೇಶದಲ್ಲಿ ಒಂದೇ ಕ್ರಮದ ಮನೆಮನೆ ಸಂಚಾರ ಸಮೀಕ್ಷೆ; ಅದರಲ್ಲಿ ಸ್ತ್ರೀಯರ, ಮಕ್ಕಳ, ಕಾಲ್ನಡಿಗೆಯವರ ಪಯಣಗಳೂ ಸೇರಿರಬೇಕು; ನಿಯತಕಾಲದಲ್ಲಿ ಅದು ಪುನರಾವರ್ತಿತವಾಗಬೇಕು. ಎರಡು, ಹೊಸ ಮಾರ್ಗ ತೆರೆಯುವ ಮುನ್ನ ಮತ್ತು ತರುವಾಯ ಅದರ ನಿಲ್ದಾಣಗಳ ಸುತ್ತ ನೆಲದ ಬೆಲೆ, ಬಾಡಿಗೆ, ಬಾಡಿಗೆದಾರರ ವಲಸೆ ಇವುಗಳ ದಾಖಲೆ. ಮುರಾದನಗರ, ಮೋದಿನಗರಗಳಲ್ಲಿ ಲಾಭ ಪಡೆದವರಾರು, ಜಾಗ ಬಿಟ್ಟವರಾರು ಎಂಬುದು ಇದರಿಂದ ತಿಳಿಯುತ್ತದೆ. ಮೂರು, ಸರಕಿನ ಸಂಚಾರ. 2018 ರಲ್ಲಿ ಪೂರ್ವದ ಮತ್ತು ಪಶ್ಚಿಮದ ಹೊರವರ್ತುಲ ಹೆದ್ದಾರಿಗಳು ಪೂರ್ಣಗೊಂಡ ಮೇಲೆ ಲಾರಿಗಳೂ ಗೋದಾಮುಗಳೂ ಬೇಸಾಯದ ಭೂಮಿಯನ್ನು ಹೇಗೆ ಬದಲಿಸಿವೆ ಎಂಬುದು. ನಾಲ್ಕನೆಯದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಪರೂಪ: ಪ್ರತಿಯೊಂದು ಯೋಜನೆಯ ಅವಧಿ ಮುಗಿದ ಮೇಲೆ ಅದರ ಊಹೆಗಳನ್ನು ಫಲದೊಡನೆ ತಾಳೆ ನೋಡಿ, ತಪ್ಪಿನ ಕಾರಣವನ್ನು ಬಹಿರಂಗವಾಗಿ ಬರೆಯುವುದು. ಬ್ಯಾಂಕಿನಲ್ಲಿ ವರ್ಷದ ಲೆಕ್ಕ ಮುಗಿಯದೆ ಹೊಸ ಪುಸ್ತಕ ತೆರೆಯುವುದಿಲ್ಲ. ಯೋಜನೆಗೂ ಈ ಶಿಸ್ತು ಬೇಕು.

ಇದು ಉತ್ತರದವರ ಸಂಕಟ ಮಾತ್ರವೆಂದು ಕನ್ನಡ ವಾಚಕರು ಭಾವಿಸಬಾರದು. ಬೆಂಗಳೂರು ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರದ ಶಾಸನವೂ ಅದೇ 1985 ರದ್ದು. 2022 ರಲ್ಲಿ ಕರ್ನಾಟಕದ ಶಾಸಕಾಂಗವು ಬೆಂಗಳೂರಿಗೆ ಭೂಸಾರಿಗೆಯ ಪ್ರತ್ಯೇಕ ಪ್ರಾಧಿಕಾರವನ್ನು ವಿಧಿಸಿತು. ದೆಹಲಿಯ ಅರವತ್ತು ವರ್ಷಗಳ ಅನುಭವವನ್ನು ಅಲ್ಲಿನವರು ಓದಿಕೊಂಡರೆ ಶುಲ್ಕವಿಲ್ಲದೆ ಪಾಠ ಕಲಿತಂತಾದೀತು.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆ ನಮ್ಮಲ್ಲಿದೆ. ಮನೆ ಕೊಂಡವನು ದಾರಿಗೆ ಬಾರದಿರಲಾರ. ಕರೋಲ್‌ಬಾಗ್, ರಾಮಕೃಷ್ಣಪುರಗಳಲ್ಲಿ ನೆರೆಹೊರೆಯಾಗಿದ್ದ ಕನ್ನಡ ಸಂಸಾರಗಳಲ್ಲಿ ಹಲವು ಇಂದು ದ್ವಾರಕಾ, ಗುರುಗ್ರಾಮ, ನೋಯಿಡಾಗಳಲ್ಲಿ ಚದರಿಹೋಗಿವೆ. ಸಂಜೆಯ ಉಪನ್ಯಾಸ ಮುಗಿಯುವ ಮುನ್ನವೇ ಕೆಲವರು ಗಡಿಯಾರ ನೋಡಿ ಮೆಲ್ಲಗೆ ಎದ್ದು ಹೋಗುತ್ತಾರೆ. ಅವರಿಗೆ ಸಾಹಿತ್ಯದಲ್ಲಿ ಆಸಕ್ತಿ ಸಾಲದೆಂದು ನಾವು ಆಕ್ಷೇಪಿಸುವುದುಂಟು. ಹಾಗೆ ಆಕ್ಷೇಪಿಸುವ ಮುನ್ನ ಅವರ ಮನೆ ಎಲ್ಲಿ, ಕಡೆಯ ರೈಲು ಎಷ್ಟು ಹೊತ್ತಿಗೆ ಎಂದು ಕೇಳಬೇಕು. ಯೋಜಕರು ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ.