ಅಂಜಲ್ ಆಚೆಗಿನ ಮೀನೂಟ

ಮಂಗಳೂರಿನ ಮೀನೂಟದ ಹೋಟೆಲಿಗೆ ಬಂದ ಹೊಸಬರ ಬಾಯಲ್ಲಿ ಎರಡೇ ಹೆಸರು: ಅಂಜಲ್, ಮಾಂಜಿ. ಒಳ್ಳೆಯ ಮೀನುಗಳೇ. ಆದರೆ ಗಟ್ಟಿ ಮಾಂಸದ ಅಂಜಲ್ ಅಡುಗೆಯವರ ಎಷ್ಟೋ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಅವರ ಕೈಗುಣ ತಿಳಿಯಬೇಕಿದ್ದರೆ ಮೆನು ಮಡಚಿಟ್ಟು, "ಇವತ್ತು ಧಕ್ಕೆಯಿಂದ (ಮೀನುಗಾರಿಕಾ ಬಂದರಿನಿಂದ) ಏನು ಬಂದಿದೆ?" ಎಂದು ಕೇಳಿ. ಈ ನಾಲ್ಕರಲ್ಲಿ ಒಂದಿದ್ದರೂ ತರಿಸಿಕೊಳ್ಳಿ.

ನಂಗ್: ನಾಲಿಗೆಯಂತೆ ಚಪ್ಪಟೆ, ಎರಡು ಕಣ್ಣೂ ಒಂದೇ ಬದಿಗೆ. ಮಳೆಗಾಲ ಮುಗಿಯುತ್ತಲೇ ರಾಶಿ ಬೀಳುವ ಮೀನು. ಚರ್ಮವನ್ನು ತಲೆಯ ಕಡೆಯಿಂದ ಎಳೆದು ಸುಲಿದಿರಬೇಕು. ಸುಲಿಯದಿದ್ದರೆ ಮಸಾಲೆ ಒಳಗಿಳಿಯದು. ಹುಳಿ-ಖಾರದ ಪುಳಿಮುಂಚಿಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ. ನಡುಮುಳ್ಳಿನಿಂದ ಮಾಂಸ ಹಾಗೇ ಜಾರಿ ಬಂದರೆ ಹದ ಸರಿ.

ಮದ್ಮಲ್: ತುಳುವಿನಲ್ಲಿ ಈ ಹೆಸರಿಗೆ ಮದುಮಗಳೆಂದರ್ಥ, ಗುಲಾಬಿ ಮೈ ನೋಡಿದರೆ ಒಪ್ಪುತ್ತೀರಿ. ಬಣ್ಣ ಮಾಸಿದ್ದರೆ ಮೀನು ಹಳತು. ಮೀನಿನ ಮಾಂಸ ಅರೆದು ಸುರಿಮಿ ಮಾಡುವ ಕಾರ್ಖಾನೆಗಳಿಗೆ ಲೋಡುಗಟ್ಟಲೆ ಹೋಗುವ ಇದರ ಮಾಂಸ ಬಲು ಮೆತ್ತಗೆ, ನೀರಿನಂಶ ಹೆಚ್ಚು. ಸಾರಿಗೆ ಹಾಕಿದ ಮೇಲೆ ಸೌಟು ಮುಟ್ಟಿಸಬಾರದು, ಪಾತ್ರೆಯನ್ನೇ ಹಿಡಿದು ತಿರುಗಿಸಬೇಕು. ತಟ್ಟೆಗೆ ಇಡಿಯಾಗಿ ಬಂದ ಮದ್ಮಲ್ ಅಡುಗೆಯವರ ತಾಳ್ಮೆಗೆ ಸಾಕ್ಷಿ.

ಕೊಡ್ಡಾಯಿ: ತಲೆಯೊಳಗೆ ಎರಡು ಬಿಳಿ ಕಲ್ಲು ಸಿಕ್ಕರೆ ಗಾಬರಿ ಬೇಡ, ಅವು ಅದರ ಕಿವಿಯ ಕಲ್ಲುಗಳು. ಬಿಳಿ, ಮೃದು ಮಾಂಸ. ಮಸಾಲೆಗೆ ಮೊದಲು ಕಾಲು ಗಂಟೆ ಉಪ್ಪಿನಲ್ಲಿಟ್ಟು ನೀರು ಬಸಿದರೆ ಬಿಗಿಯುತ್ತದೆ. ಆ ಕಾಲು ಗಂಟೆ ಉಳಿಸಿದ ಅಡುಗೆಮನೆಯ ಫ್ರೈ ಬಾಯಲ್ಲಿ ಹಿಟ್ಟಾಗುತ್ತದೆ.

ಪಾಂಬೊಲ್: ಬೆಳ್ಳಿ ಪಟ್ಟಿಯಂಥ ಉದ್ದ ಮೀನು, ಹುರುಪೆಯೇ ಇಲ್ಲ. ಹಾವನ್ನು ನೆನೆದು ಬೇಡವೆನ್ನುವವರಿದ್ದಾರೆ. ಬೆಳ್ಳಿಯನ್ನು ಉಜ್ಜಿ ತೊಳೆದು, ಬೆರಳುದ್ದ ತುಂಡರಿಸಿ, ರವೆ ಹಚ್ಚಿ ಕಾಯಿಸಿದರೆ ಹೊರಗೆ ಗರಿಗರಿ, ಒಳಗೆ ಬೆಣ್ಣೆ. ತಿನ್ನುವ ಮೊದಲು ಎರಡೂ ಅಂಚಿನ ಸಣ್ಣ ಮುಳ್ಳುಗಳನ್ನು ಎಳೆದು ಬಿಡಿ. ಆಮೇಲೆ ಉಳಿಯುವುದು ನಡುಮುಳ್ಳು ಮಾತ್ರ.

ತಾಜಾತನಕ್ಕೆ ಹಳೆಯ ಪರೀಕ್ಷೆಯೇ ಸಾಕು: ಕಣ್ಣು ಉಬ್ಬಿರಲಿ, ಕಿವಿರು ಕೆಂಪಗಿರಲಿ, ಒತ್ತಿದ ಬೆರಳಿನ ಗುಳಿ ಉಳಿಯದಿರಲಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ 61 ದಿನ ಮೀನು ಎಲ್ಲಿಂದ ಬಂತೆಂದು ಕೇಳಿಯೇ ತರಿಸಿಕೊಳ್ಳಿ. ಬೆರಳಿಗಿಂತ ಚಿಕ್ಕ ಮರಿ ಮದ್ಮಲ್ ಬಡಿಸಿದರೆ ಬೇಡವೆನ್ನಿ. ಮರಿ ತಿಂದವರಿಗೆ ಮುಂದಿನ ವರ್ಷ ಮೀನಿಲ್ಲ.

ಊಟ ಮುಗಿದ ಮೇಲೆ ಮೀನಿನ ಹೆಸರು ನೆನಪಿಟ್ಟುಕೊಳ್ಳಿ, ಮುಂದಿನ ಸಲ ಹೆಸರು ಹಿಡಿದೇ ಕೇಳಿ. ಗಿರಾಕಿ ಕೇಳುವ ಮೀನನ್ನೇ ಹೋಟೆಲಿನವರು ಬೆಳಗ್ಗೆ ಧಕ್ಕೆಯಲ್ಲಿ ಕೊಳ್ಳುತ್ತಾರೆ.