ಗೋ ಭಾಷೆಯ ಹಟ ಸರಿ, ವಿವರಣೆ ಸಾಲದು
ಗೋ ಭಾಷೆಯ ಓಎಸ್.ಓಪನ್ ಫಂಕ್ಷನ್‌ಗೆ ಕಡತದ ಹೆಸರು ಕೊಟ್ಟರೆ ಫೈಲ್ ಪಾಯಿಂಟರನ್ನೂ ಎರರನ್ನೂ ಮರಳಿಸುತ್ತದೆ. ಐಓ.ರೀಡರ್ ಇಂಟರ್‌ಫೇಸ್ ಕೇಳುವ ಕಡೆಯಲ್ಲೆಲ್ಲ ಆ ಪಾಯಿಂಟರ್ ಸಲೀಸಾಗಿ ಸಲ್ಲುತ್ತದೆ. ಆದರೆ ರೀಡರನ್ನೂ ಎರರನ್ನೂ ಕೊಡುವ ಫಂಕ್ಷನ್ ಬೇಕೆಂದ ಕಡೆ ಓಎಸ್.ಓಪನ್ ಅನ್ನೇ ಕೊಟ್ಟರೆ ಕಂಪೈಲರ್ ಒಪ್ಪುವುದಿಲ್ಲ. ಫೈಲೇ ರೀಡರ್ ಆಗಿರುವಾಗ ಈ ತಕರಾರು ಏಕೆ, ಸ್ಕಾಲಾ, ಟೈಪ್‌ಸ್ಕ್ರಿಪ್ಟ್‌ಗಳು ಒಪ್ಪುತ್ತವಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೂ ಗೋ ಹಿಡಿದ ಹಟವೇ ಸರಿ ಎಂದು ನನ್ನ ವಾದ.

ಕಾರಣ ಮೆಮೊರಿಯಲ್ಲಿದೆ. ಪಾಯಿಂಟರ್‌ಗೆ ಒಂದು ವರ್ಡ್ ಸಾಕು. ಇಂಟರ್‌ಫೇಸ್ ಮೌಲ್ಯಕ್ಕೆ ಎರಡು ಬೇಕು, ಟೈಪಿನ ಗುರುತಿಗೊಂದು, ಡೇಟಾಕ್ಕೊಂದು. 2025ರ ಜುಲೈಯಲ್ಲಿ ಸೇತುವೆ ಆಗುವ ತನಕ ಸಾಗರದಿಂದ ಸಿಗಂದೂರಿಗೆ ಹೊರಟ ಗಾಡಿ ಶರಾವತಿ ಹಿನ್ನೀರಿನಲ್ಲಿ ಲಾಂಚ್ ಹತ್ತಬೇಕಿದ್ದಂತೆ, ಇಲ್ಲೂ ನಡುವೆ ಒಂದು ದಾಟುವ ಕೆಲಸವಿದೆ. ಅದನ್ನು ಕಂಪೈಲರ್ ಗುಟ್ಟಾಗಿ ಮಾಡಿಬಿಟ್ಟರೆ ಏನಾದೀತು? ಕಡತ ಸಿಗದಾಗ ಓಎಸ್.ಓಪನ್ ಕೊಡುವುದು ನಿಲ್ ಪಾಯಿಂಟರ್. ಅದು ರೀಡರ್ ಆದ ಕೂಡಲೇ ಟೈಪಿನ ಗುರುತು ತುಂಬಿಕೊಳ್ಳುತ್ತದೆ. ಒಳಗೆ ಏನೂ ಇಲ್ಲದಿದ್ದರೂ ನಿಲ್‌ಗೆ ಸಮ ಅಲ್ಲ ಎಂದು ಉತ್ತರ ಬರುತ್ತದೆ. ನಾವೇ ಒಂದು ಪುಟ್ಟ ಫಂಕ್ಷನ್ ಬರೆದು ಓಎಸ್.ಓಪನ್ ಕೊಟ್ಟದ್ದನ್ನು ಹಾಗೇ ಮರಳಿಸಿದರೂ ಇದೇ ಬಲೆ, ನಿಜ. ಆದರೆ ಅಲ್ಲಿ ಎರರ್ ಬಂದಾಗ ಅಪ್ಪಟ ನಿಲ್ ಮರಳಿಸಲು ಜಾಗವಿದೆ, ಕೋಡ್ ಓದುವವರ ಕಣ್ಣಿಗೂ ಅದು ಬೀಳುತ್ತದೆ.

ಹಾಗೆಂದು ಫಂಕ್ಷನ್ ಟೈಪುಗಳು ಒಂದೇ ಆಗಿರಬೇಕೆಂಬ ಈ ನಿಯಮ ಅತಿ ಬಿಗಿಯಾಗಿಯೂ ಇಲ್ಲ. ಪ್ಯಾರಾಮೀಟರುಗಳ ಹೆಸರು ಬೇರೆಯಿದ್ದರೆ ಅಡ್ಡಿಯಿಲ್ಲ. ಎಚ್‌ಟಿಟಿಪಿ ಪ್ಯಾಕೇಜಿನ ಹ್ಯಾಂಡ್ಲರ್‌ಫಂಕ್‌ನಂಥ ಹೆಸರಿಟ್ಟ ಟೈಪಿಗೆ, ರೂಪ ಹೊಂದುವ ಸಾದಾ ಫಂಕ್ಷನ್ ನೇರವಾಗಿ ಸಲ್ಲುತ್ತದೆ. 2022ರಲ್ಲಿ 1.18ನೇ ಆವೃತ್ತಿಯೊಡನೆ ಜೆನೆರಿಕ್ಸ್ ಬಂದ ಮೇಲೂ ಈ ನಿಯಮ ಕದಲಲಿಲ್ಲ, ಅದು ಒಳ್ಳೆಯದೇ ಆಯಿತು.

ನನ್ನ ಅಸಮಾಧಾನವೆಲ್ಲ ಎರರ್ ಸಂದೇಶದ ಮೇಲೆ. ಒಂದು ಟೈಪಿಗೆ ಇಂಟರ್‌ಫೇಸ್ ಕೇಳಿದ ಮೆಥಡ್ ಇಲ್ಲದಿದ್ದರೆ, ಯಾವ ಮೆಥಡ್ ಇಲ್ಲ ಎಂದು ಇದೇ ಕಂಪೈಲರ್ ಹೆಸರು ಹಿಡಿದು ಹೇಳುತ್ತದೆ. ಫಂಕ್ಷನ್ ಹೊಂದದಿದ್ದರೆ ಮಾತ್ರ ಇದು ಕೊಟ್ಟ ಟೈಪ್, ಅದು ಬೇಕಾದ ಟೈಪ್ ಎಂದು ಎರಡು ಉದ್ದನೆಯ ಟೈಪುಗಳನ್ನು ಮುಂದಿಟ್ಟು ಸುಮ್ಮನಾಗುತ್ತದೆ. ಹೊಸದಾಗಿ ಕಲಿಯುವವರು ಫೈಲೇ ರೀಡರ್ ಅಲ್ಲವೇನೋ ಎಂದು ತಪ್ಪು ತಿಳಿದು ಬೇರೆಲ್ಲೋ ಹುಡುಕುತ್ತಾರೆ. ಮೊದಲ ರಿಟರ್ನ್ ಟೈಪ್ ಬೇರೆ, ಫಂಕ್ಷನ್ ಟೈಪುಗಳು ಪೂರ್ತಿ ಒಂದೇ ಆಗಿರಬೇಕು, ನಡುವೆ ಒಂದು ಫಂಕ್ಷನ್ ಬರೆಯಿರಿ ಎಂಬಿಷ್ಟನ್ನು ಆ ಸಂದೇಶವೇ ಹೇಳಬೇಕು.